ಏನೂ ಕಾಣದ ಗೋಡೆ

ನಮ್ಮೂರಿನಲ್ಲಿ ಸಂಜೆ ಹೊತ್ತು ಗೋಡೆಯ ಹತ್ತಿರ ಯಾರೂ ನಿಲ್ಲುವುದಿಲ್ಲ. ಸೂರ್ಯ ಮರಡಿಗುಡ್ಡದ ಹೆಗಲಿಗೆ ಬಂದು ಕೂತ ಮೇಲೆ, ಒಂದು ವೀಳ್ಯ ಅಗಿದು ಉಗಿಯುವಷ್ಟು ಹೊತ್ತು, ಗೋಡೆಯ ಮೇಲೆ ಬಿದ್ದ ನೆರಳು ಅಲ್ಲೇ ಹತ್ತಿಕೊಂಡುಬಿಡುತ್ತದೆ. ಆಮೇಲೆ ನೀವು ಎದ್ದು ಮನೆಗೆ ಹೋಗಬಹುದು, ನೆರಳು ಬರುವುದಿಲ್ಲ. ಹೊರಗಿನವರು ಇದನ್ನು ಕೇಳಿ ಕಣ್ಣು ದೊಡ್ಡದು ಮಾಡುತ್ತಾರೆ. ನಮಗೆ ಅದೇನೂ ದೊಡ್ಡ ಮಾತಲ್ಲ. ಎಮ್ಮೆಯನ್ನು ಗೋಡೆಯಿಂದ ಎರಡು ಮಾರು ದೂರ ಕಟ್ಟುತ್ತೇವೆ. ಶಾಲೆ ನಾಲ್ಕಕ್ಕೇ ಬಿಡುತ್ತದೆ. ಪಡುವಣ ಬಾಗಿಲಿನ ಮನೆಯವರು ಆ ಹೊತ್ತಿಗೆ ಬಾಗಿಲಿಗೆ ಗೋಣಿತಾಟು ಇಳಿಬಿಡುತ್ತಾರೆ. ಮನೆ ಬಿಟ್ಟು ಓಡಿಹೋಗಬೇಕೆಂದುಕೊಂಡ ಹುಡುಗಿಯರು ಕೂಡ ಒಂದೋ ಮಧ್ಯಾಹ್ನ ಹೊರಡುತ್ತಾರೆ, ಇಲ್ಲವೆ ಬೆಳಗಿನ ತನಕ ಕಾಯುತ್ತಾರೆ.

ಸತ್ತವರ ನೆರಳನ್ನು ಹದಿಮೂರು ದಿನದೊಳಗೆ ಮುಚ್ಚಿಸಬೇಕು. ಅದು ಊರಿನ ಕಟ್ಟು. ಮುಚ್ಚುವ ಕೆಲಸ ನನ್ನದು. ಹೆಸರು ಬೋರಮ್ಮ, ಬೋರಕ್ಕ ಎಂದರೆ ಎಲ್ಲರಿಗೂ ಗೊತ್ತು. ಎರಡನೇ ಕ್ಲಾಸಿನ ತನಕ ಕಲಿತೆ. ಮೇಷ್ಟ್ರು ಹಲಗೆಯ ಮೇಲೆ ಬರೆದದ್ದಕ್ಕಿಂತ ಹಲಗೆಯ ಹಿಂದಿನ ಗೋಡೆ ನನಗೆ ಬೇಗ ಅರ್ಥವಾಗುತ್ತಿತ್ತು.

ಅಪ್ಪ ಸುಣ್ಣದ ಗೂಡು ನಡೆಸುತ್ತಿದ್ದ. ಸುಟ್ಟ ಕಲ್ಲನ್ನು ಗುಂಡಿಯಲ್ಲಿ ಹಾಕಿ ನೀರು ಬಿಟ್ಟರೆ ಅದು ಕೊತಕೊತ ಕುದ್ದು ಅರಳುತ್ತದೆ. ಹಾಗೆ ಅರಳಿದ ಸುಣ್ಣವನ್ನು ಒಂದು ವರ್ಷ ನೀರಿನಡಿ ಮುಚ್ಚಿಟ್ಟರೆ ಬೆಣ್ಣೆಯಾಗುತ್ತದೆ. ಆ ಬೆಣ್ಣೆಯ ವಯಸ್ಸು ಎಷ್ಟೆಂದು ನಾನು ಮೂಸಿ ಹೇಳುತ್ತಿದ್ದೆ. ಸತ್ತವರ ಮನೆಗೆ ಅಪ್ಪ ಸುಣ್ಣ ಹೊಡೆಯಲು ಹೋಗುವಾಗ ಕತ್ತಾಳೆ ನಾರಿನ ಕುಂಚ ಹಿಡಿದು ನಾನೂ ಹೋಗುತ್ತಿದ್ದೆ. ಅವನು ಒಂದರ ಮೇಲೊಂದು ಐದು ಕೈ ಸುಣ್ಣ ಹೊಡೆಯುತ್ತಿದ್ದ. ಸುಣ್ಣಕ್ಕೆ ಬೆಲ್ಲದ ನೀರು ಹಾಕಿ ನೋಡಿದ, ಮೊಟ್ಟೆಯ ಬಿಳಿ ಹಾಕಿ ನೋಡಿದ. ಒಂದು ಮಳೆಗಾಲ ಕಳೆಯುವುದರೊಳಗೆ ನೆರಳು ಸುಣ್ಣದ ಮೇಲೆ ಎದ್ದು ಬರುತ್ತಿತ್ತು. ಮನೆಯವರು ಬಂದು, "ನಮ್ಮಪ್ಪ ಮತ್ತೆ ಬಂದ್ಬಿಟ್ಟ, ಬಾರಪ್ಪ" ಎಂದು ಕರೆಯುತ್ತಿದ್ದರು. ಪೇಟೆಯಿಂದ ಡಬ್ಬಿಯ ಬಣ್ಣ ತರಿಸಿ ನೋಡಿದ್ದೂ ಆಯಿತು. ಅದು ಗೋಡೆಯ ಮೇಲೆ ಮುಚ್ಚಳದ ಹಾಗೆ ಕೂರುತ್ತದೆ, ನೆರಳು ಕೆಳಗಿನಿಂದ ಉಬ್ಬಿಸಿ ಹಪ್ಪಳದ ಹಾಗೆ ಕಿತ್ತುಬಿಡುತ್ತದೆ.

ನನಗೆ ದಾರಿ ತೋರಿಸಿದ್ದು ವೀರಭದ್ರನ ಹೋಟೆಲಿನ ಗೋಡೆ. ಅಲ್ಲಿ ವರ್ಷಗಟ್ಟಲೆ ಸಂಜೆಯ ಹೊತ್ತು ಮರೆತು ಕಾಫಿ ಕುಡಿದವರ ನೆರಳು, ಲೋಟ ಎತ್ತಿದ ಕೈ, ಟೋಪಿ, ಮುಂಡಾಸು ಒಂದರ ಮೇಲೊಂದು ಬಿದ್ದು ಕಪ್ಪು ಮೋಡ ಕವಿದಂತಾಗಿದೆ. ಅದರಲ್ಲಿ ಯಾರಿಗೂ ಯಾರೂ ಸಿಗುವುದಿಲ್ಲ. ನನಗೆ ಆಗ ಹದಿನಾರು ವರ್ಷ. ನೆರಳನ್ನು ಅಳಿಸುವುದಕ್ಕೆ ಆಗುವುದಿಲ್ಲ, ಆದರೆ ಅದರ ಪಕ್ಕಕ್ಕೆ ಜೊತೆ ಕೂರಿಸಿದರೆ ಕಣ್ಣಿಗೆ ಅದು ತಪ್ಪಿಹೋಗುತ್ತದೆ ಎಂದು ಹೊಳೆಯಿತು. ಮನುಷ್ಯನನ್ನು ನಾವು ಮೂಗು ಬಾಯಿಯಿಂದ ಗುರುತಿಸುವುದಿಲ್ಲ. ಕುತ್ತಿಗೆ ಹೆಗಲಿಗೆ ಇಳಿಯುವ ಕಡೆ, ತೋಳಿಗೂ ಸೊಂಟಕ್ಕೂ ನಡುವೆ ಬೆಳಕು ನುಗ್ಗುವ ಕಿಂಡಿ, ಇವೆರಡು ಸಾಕು. ಮೊದಲು ಅವನ್ನು ಮುರಿಯಬೇಕು.

ಅಂದಿನಿಂದ ನಾನು ಗೋಡೆಗೆ ಬರೀ ಸುಣ್ಣ ಹೊಡೆಯಲಿಲ್ಲ. ಕೆರೆಯೇರಿಯ ಹಿಂದಿನ ಕೆಮ್ಮಣ್ಣು ತಂದು ಕಲಸಿ, ಸೋಸಿ, ತಿಳಿ ಬಸಿದು, ಅಡಿಯ ಗಸಿ ಒಣಗಿಸಿದೆ. ಹಳದಿ ಮಣ್ಣು ಕುಂಬಾರರ ಹಿತ್ತಿಲಲ್ಲಿತ್ತು. ಕಪ್ಪಿಗೆ ಹರಳೆಣ್ಣೆ ದೀಪದ ಕಾಡಿಗೆ. ಕಂದು ಬಣ್ಣಕ್ಕೆ ಮುರಿದ ಕುಡುಗೋಲು, ಲಾಳ, ಮೊಳೆ ಎಲ್ಲವನ್ನೂ ಬೆಲ್ಲದ ನೀರಿನಲ್ಲಿ ಒಂದು ತಿಂಗಳು ನೆನೆಹಾಕಿದ ತುಕ್ಕು ನೀರು. ನೀಲಿ ಮಾತ್ರ ಅಂಗಡಿಯದು, ಬಟ್ಟೆಗೆ ಹಾಕುವುದು. ಅಂಟಿಗೆ ಹುಣಸೆ ಬೀಜ ಹುರಿದು ಬೇಯಿಸಿದ ಗಂಜಿ, ಗಟ್ಟಿ ಬೇಕಾದ ಕಡೆ ಬೇಲದ ಗೋಂದು. ಗೋಡೆ ಹಸಿಯಿದ್ದಾಗಲೇ ಬಣ್ಣ ಇಳಿಸಬೇಕು, ಆಗ ಅದು ಗೋಡೆಯದೇ ಚರ್ಮವಾಗುತ್ತದೆ. ಈಚಲು ಕಡ್ಡಿಯ ತುದಿ ಜಜ್ಜಿ ಎಳೆಯುತ್ತೇನೆ, ಹಳೆ ಸೀರೆಯ ಉಂಡೆಯಿಂದ ಒತ್ತುತ್ತೇನೆ, ತೆಂಗಿನ ಚಿಪ್ಪಿನ ಅಂಚಿನಿಂದ ಕೆರೆಯುತ್ತೇನೆ. ಕೆಲವು ಕಡೆ ಬಣ್ಣದ ನೀರನ್ನು ಸೋರಿದ ಹಾಗೆ ಸೋರಲು ಬಿಟ್ಟು ಸುಮ್ಮನೆ ಕೂರುತ್ತೇನೆ. ಅದು ಎಲ್ಲಿಗೆ ಹೋಗಬೇಕೆಂದು ನನಗಿಂತ ಅದಕ್ಕೇ ಚೆನ್ನಾಗಿ ಗೊತ್ತು.

ಒಂದೇ ಒಂದು ನಿಯಮ. ಗೋಡೆಯ ಮೇಲೆ ಯಾವುದರ ಆಕಾರವೂ ಬರಕೂಡದು. ಒಂದು ಕೋಳಿ, ಒಂದು ಮಡಕೆ, ಒಂದು ಎಲೆ ಕಂಡರೂ ಕೆಲಸ ಕೆಟ್ಟಿತು. ಕಣ್ಣು ಒಂದನ್ನು ಹುಡುಕಿಕೊಂಡರೆ ಇನ್ನೊಂದನ್ನು ಹುಡುಕಲು ಕಲಿಯುತ್ತದೆ, ಹುಡುಕುತ್ತ ಹುಡುಕುತ್ತ ಸತ್ತವನ ಹತ್ತಿರಕ್ಕೇ ಹೋಗುತ್ತದೆ. ಅದಕ್ಕೇ ಕೊನೆಯ ದಿನ ಮೂರು ಜನ ಬಂದು ನೋಡಬೇಕು: ಕಟ್ಟೆಮನೆಯ ಯಜಮಾನ, ಊರಿನವರೊಬ್ಬರು, ಸತ್ತವನ ರಕ್ತಸಂಬಂಧಿಯೊಬ್ಬರು. "ಏನು ಕಾಣ್ತದೆ?" ಎಂದು ನಾನು ಕೇಳಬೇಕು. ಮೂವರೂ "ಏನೂ ಇಲ್ಲ" ಎಂದರೆ ಮುಗಿಯಿತು. ಯಾರಿಗಾದರೂ ನೆರಳು ಕಂಡರೆ ಗಾರೆಯನ್ನು ಕಲ್ಲಿನ ತನಕ ಕಿತ್ತು ಕೆರೆಗೆ ಸುರಿಯುತ್ತಾರೆ. ಒಮ್ಮೆ ದೂರದ ಪಟ್ಟಣದಿಂದ ಕನ್ನಡಕದವರೊಬ್ಬರು ಬಂದು ನನ್ನ ಗೋಡೆಗಳ ಮುಂದೆ ಬಹಳ ಹೊತ್ತು ನಿಂತು, "ಇದರ ಅರ್ಥ ಏನಮ್ಮ?" ಎಂದು ಕೇಳಿದರು. "ಅರ್ಥ ಬಂದ್ರೆ ಮತ್ತೆ ಬಳಿಬೇಕು ಸ್ವಾಮಿ" ಎಂದೆ. ಅವರು ಅದನ್ನು ಪುಸ್ತಕದಲ್ಲಿ ಬರೆದುಕೊಂಡರು.

ನಾನು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ನನ್ನ ಮನೆಯಲ್ಲೇ ಇದೆ. ನನ್ನ ಮಗಳು ಗಂಗೆ ಆರು ವರ್ಷಕ್ಕೆ ಜ್ವರ ಬಂದು ಹೋದಳು. ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತ ನಿಂತಿದ್ದಾಗ ಹತ್ತಿದ ನೆರಳು ಅವಳದು. ಹನ್ನೊಂದು ದಿನ ಊಟ ಬಿಟ್ಟು ಮುಚ್ಚಿದೆ. ಬಂದವರು ಮೂವರೂ "ಏನೂ ಇಲ್ಲ" ಎಂದರು. ಅವರು ಹೋದ ಮೇಲೆ ನಾನೂ ನೋಡಿದೆ. ನನಗೂ ಏನೂ ಇರಲಿಲ್ಲ. ಎಲ್ಲಿ ಮುಚ್ಚಿದ್ದೆನೋ ಆ ಜಾಗವೇ ಸಿಗಲಿಲ್ಲ. ಚಿಪ್ಪು ತೆಗೆದುಕೊಂಡು ಒಂದು ಅಂಗೈಯಷ್ಟು ಕೆರೆದೆ, ಅಲ್ಲಿರಲಿಲ್ಲ. ಇನ್ನೊಂದು ಕಡೆ ಕೆರೆಯಲು ಕೈ ಬರಲಿಲ್ಲ, ಅವಳ ಮೈಮೇಲೇ ಕೆರೆದರೆ ಎಂದು. ಮೂವತ್ತೆಂಟು ವರ್ಷವಾಯಿತು. ಬೆಳಿಗ್ಗೆ ಎದ್ದು ಮುಖ ತೊಳೆದು ಆ ಗೋಡೆಯ ಮುಂದೆ ಒಂದಿಷ್ಟು ಹೊತ್ತು ನಿಂತು ಆಮೇಲೆ ಒಲೆ ಹಚ್ಚುತ್ತೇನೆ.

ಈಗ ಹೇಳಬೇಕಾದದ್ದು ಕರಿಸಿದ್ದನ ನೆರಳಿನ ಮಾತು. ಕರಿಸಿದ್ದ ಬಾವಿ ತೋಡುವವನು. ಊರೂರು ಅಲೆದು ತೋಡಿ ಆರು ತಿಂಗಳಿಗೊಮ್ಮೆ ಬರುತ್ತಿದ್ದ. ಹಾಗೆ ಹೋದವನು ಮೂರು ವರ್ಷವಾದರೂ ಬರಲಿಲ್ಲ. ಅವನು ತೋಡುತ್ತಿದ್ದ ಬಾವಿ ಕುಸಿಯಿತು, ಒಳಗಿದ್ದ ಎಂದು ಕೆಲವರು ಹೇಳಿದರು. ಕುಸಿಯುವ ಹಿಂದಿನ ದಿನವೇ ಗುದ್ದಲಿ ಹೆಗಲಿಗೇರಿಸಿ ಹೊರಟಿದ್ದ ಎಂದು ಕೆಲವರು ಹೇಳಿದರು. ಮನೆಯಲ್ಲಿ ಅವನ ತಾಯಿ ಲಕ್ಕವ್ವ, ಹೆಂಡತಿ ಸಾಕಮ್ಮ. ಅವನ ಫೋಟೋ ಎಂಬುದು ಎಲ್ಲೂ ಇಲ್ಲ. ನಡುಮನೆಯ ಗೋಡೆಯ ಮೇಲೆ ಒಂದು ನೆರಳು ಮಾತ್ರ ಇತ್ತು.

ಕಟ್ಟೆಮನೆಯ ಯಜಮಾನ ಉಗ್ರಪ್ಪ ನನ್ನನ್ನು ಕರೆಸಿದ. ಹೊಟ್ಟೆ ದೊಡ್ಡದು, ಮನಸ್ಸು ಕೆಟ್ಟದಲ್ಲ.

"ಬೋರಕ್ಕ, ಕರಿಸಿದ್ದನ್ನ ಮುಚ್ಚಬೇಕು ಕಣಮ್ಮ. ಮೂರು ವರ್ಷ ತುಂಬ್ತು."

"ಸತ್ತ ಅಂತ ಯಾರು ಕಂಡವ್ರೆ?"

"ಬದುಕವ್ನೆ ಅಂತ ಯಾರು ಕಂಡವ್ರೆ? ಮೂರು ವರ್ಷ ಸುದ್ದಿ ಇಲ್ದಿದ್ರೆ ಮುಚ್ಚೋದು ನಮ್ಮ ತಾತನ ಕಾಲದಿಂದ ಬಂದದ್ದು. ಇವತ್ತು ಬ್ಯಾಡ ಅಂದ್ರೆ ನಾಳೆ ಎಲ್ರೂ ಅವರವರ ಸತ್ತೋರನ್ನ ಗೋಡೆ ಮೇಲೆ ಇಟ್ಕತಾರೆ. ಆಮೇಲೆ ಊರಲ್ಲಿ ಇದ್ದೋರೆಷ್ಟು, ಹೋದೋರೆಷ್ಟು ಅಂತ ಲೆಕ್ಕ ಸಿಕ್ಕೋದಾ?"

ನಾನು ಬುಟ್ಟಿ ಹೊತ್ತು ಹೋದಾಗ ಸಾಕಮ್ಮ ನೆರಳಿಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂತಿದ್ದಳು. ಮೂವತ್ತರ ಒಳಗಿನ ಹೆಂಗಸು, ಗಟ್ಟಿ ದವಡೆ.

"ಮುಟ್ಟು ನೋಡುವ. ನಿನ್ನ ಕುಂಚ ಮುರಿದು ಒಲೆಗಿಕ್ತೀನಿ" ಎಂದಳು.

"ಒಲೆಗಿಕ್ಕು. ನನ್ಹತ್ರ ಇನ್ನೂ ಹನ್ನೆರಡವೆ" ಎಂದು ನಾನೂ ಅವಳೆದುರು ಕೂತೆ. ನೆರಳನ್ನು ನೋಡಿದೆ. ಬಾಗಿಲಿನಲ್ಲಿ ನಿಂತವನ ನೆರಳು. ಒಂದು ಕೈ ಮೇಲಿನ ಚೌಕಟ್ಟಿಗೆ ಚಾಚಿದೆ, ಎಡ ಹೆಗಲ ಮೇಲೆ ಟವೆಲ್ಲು, ತಲೆ ಚೂರು ವಾರೆ. ಹೊರಟವನು ತಿರುಗಿ ಏನೋ ಹೇಳುವಾಗಿನ ಭಂಗಿ.

"ಆವತ್ತು ಬೇಕಂತ್ಲೇ ನಿಂತ" ಎಂದಳು ಸಾಕಮ್ಮ. "ತಾಟು ತೆಗೆದು, ಆ ಹೊತ್ತಲ್ಲೇ ಬಾಗಿಲಿಗೆ ಅಡ್ಡ ನಿಂತ್ಕಂಡ. ಸರ್‍ಕಳ್ಳೋ ಮೂದೇವಿ ಅಂತ ಅತ್ತೆ ಬೈದ್ರು. ಇರ್‍ಲಿ ಬುಡವ್ವ, ನಾ ಇಲ್ದಾಗ ನೋಡ್ಕಳಾಕೆ ಅಂದ. ನೋಡ್ಕಳಾಕೆ ಅಂತ ಬುಟ್ಟೋಗಿರೋದ್ನ ಮುಚ್ಚು ಅಂತೀರಲ್ಲ, ನಿಮಗೇನು ಕಣ್ಣುರಿಯಾ?"

ಒಳಗಿನ ಮೂಲೆಯಿಂದ ಲಕ್ಕವ್ವ ಮಾತಾಡಿದಳು. ಮೂರು ವರ್ಷದಿಂದ ಆಕೆ ಮಂಚ ತಿರುಗಿಸಿಕೊಂಡು ಆ ಗೋಡೆಗೆ ಬೆನ್ನು ಹಾಕಿಯೇ ಮಲಗುತ್ತಿದ್ದಳು. ಈಗಲೂ ತಿರುಗಲಿಲ್ಲ. "ಅಲ್ಲಿ ನಿಂತ್ಕಂಡು ದಿನಾ ಹೋಗ್‌ಬತ್ತೀನಿ ಅಂತಾನೆ. ಹೋಗೋದೂ ಇಲ್ಲ, ಬರೋದೂ ಇಲ್ಲ. ಮುಚ್ಚವ್ವ ನೀನು. ಅವಳ ಮಾತು ಕೇಳಬ್ಯಾಡ."

"ಹೆತ್ತ ಹೊಟ್ಟೆ ಅದು, ಕೇಳ್ದಾ?" ಎಂದಳು ಸಾಕಮ್ಮ ನನ್ನ ಕಡೆ ನೋಡಿ. ಆಮೇಲೆ ದನಿ ತಗ್ಗಿಸಿ, "ನಿಂಗೇನು ಗೊತ್ತು ಬೋರಕ್ಕ? ಬಳಿಯೋದು, ಹೋಗೋದು."

"ನನ್ನ ಮಗಳದನ್ನ ನಾನೇ ಮುಚ್ಚಿದೀನಿ."

"ಎಲ್ಲದೆ? ತೋರ್‍ಸು, ನಡಿ."

ನಾನು ಬುಟ್ಟಿಯ ಕುಂಚಗಳನ್ನು ಸರಿಮಾಡಿದೆ. ಅವಳು ನನ್ನ ಮುಖ ನೋಡಿದಳು. "ಅಯ್ಯೋ" ಎಂದಳು, ಅಷ್ಟೆ.

ಅವಳು ನೀರು ತರಲು ಎದ್ದು ಹೋದಾಗ ನಾನು ಅಲ್ಲೇ ಬೀಸುವ ಕಲ್ಲಿನ ಪಕ್ಕಕ್ಕೆ ಜರುಗಿ ಕೂತೆ. ನನ್ನ ಪದ್ಧತಿ ಅದು, ಬಣ್ಣ ಮುಟ್ಟುವ ಮೊದಲು ಒಂದು ದಿನ ಗೋಡೆಯ ಜೊತೆ ಇರುತ್ತೇನೆ. ಅಲ್ಲಿಂದ ನೋಡುವಾಗ ನೆರಳಿನ ಆಚೆ, ಗೋಡೆಯ ಕೊನೆಯಲ್ಲಿ, ದುಂಡಗೆ ಒಂದು ಮಿಂಚು ಕಂಡಿತು. ರಾಗಿ ಮೂಟೆಯಷ್ಟೇ ದಪ್ಪ, ಮೂಟೆಯದೇ ಆಕಾರ. ಎದ್ದು ಹತ್ತಿರ ಹೋದೆ, ಏನೂ ಇಲ್ಲ. ಮತ್ತೆ ಬಂದು ಕೂತೆ, ಮೂಟೆ ಅಲ್ಲೇ ಇತ್ತು. ಸಾಕಮ್ಮನನ್ನು ಕೇಳಿದೆ. "ಅಲ್ಲಿ ಮೂಟೆ ಇಡ್ತಿದ್ವಿ ಬೋರಕ್ಕ. ಎಳೆದು ಎಳೆದು ಗೋಡೆ ನುಣ್ಣಗಾಗದೆ" ಎಂದಳು. ಬಾಗಿಲಿನ ಬೆಳಕು ಓರೆಯಾಗಿ ಬಂದು ಆ ನುಣುಪಿನ ಮೇಲೆ ಜಾರಿ, ಕೆಳಗೆ ಬೀಸುವ ಕಲ್ಲಿನ ಹತ್ತಿರ ಕೂತವರ ಕಣ್ಣಿಗೆ ಮಾತ್ರ ಬೀಳುತ್ತಿತ್ತು. ನಿಂತವರಿಗಿಲ್ಲ.

ನಾನು ಮೂವತ್ತೆಂಟು ವರ್ಷ ನಿಂತೇ ಹುಡುಕಿದವಳು. ಆದರೆ ನನ್ನ ಗೋಡೆಯಲ್ಲಿ ಹಾಗೆ ನುಣುಪು ಮಾಡಿ ಇಟ್ಟವರು ಯಾರೂ ಇರಲಿಲ್ಲ, ಕೂತರೂ ಕಾಣುವುದಿಲ್ಲ. ಅದು ನನಗೆ ಅಲ್ಲೇ ಗೊತ್ತಾಯಿತು. ಇನ್ನೊಂದು ಹೆಣ್ಣಿಗೆ ಹಾಗೆ ಆಗಬಾರದು ಎಂಬುದೂ ಅಲ್ಲೇ ಗಟ್ಟಿಯಾಯಿತು.

ಸಾಕಮ್ಮನನ್ನು ಹಿತ್ತಿಲಿಗೆ ಕರೆದೆ. "ಮುಚ್ತೀನಿ. ಆದ್ರೆ ಕಳೆಯಾಕಿಲ್ಲ" ಎಂದೆ. ಮೂಟೆಯ ಜಾಗದ ಹಾಗೆ ಅವನ ಮೈಯಷ್ಟು ಜಾಗವನ್ನೂ ನುಣ್ಣಗೆ ಉಜ್ಜಿಡುತ್ತೇನೆಂದು ಹೇಳಿದೆ. "ಮೂವರು ಬತ್ತಾರೆ. ನಿಂತು ನೋಡೋದು ವಾಡಿಕೆ. ನಿಂತೋರಿಗೆ ಕಾಣಾಕಿಲ್ಲ. ಒಬ್ರು ಕೂತ್ರೂ ಮುಗೀತು, ಗಾರೆ ಕಿತ್ತು ಕೆರೆಗೆ. ಆಮೇಲೆ ನಿಂಗೂ ಇಲ್ಲ, ಗೋಡೆಗೂ ಇಲ್ಲ. ನನ್ನ ಕುಂಚಾನೂ ಕಿತ್ಕತಾರೆ. ಯೋಚ್ನೆ ಮಾಡಿ ಹೇಳು."

ಅವಳು ಯೋಚನೆ ಮಾಡಲಿಲ್ಲ. "ಬಣ್ಣ ಯಾವುದು ಅರೀಬೇಕು?" ಎಂದು ಸೆರಗು ಕಟ್ಟಿದಳು.

ಒಂಬತ್ತು ದಿನದ ಕೆಲಸ. ಮೊದಲ ದಿನ ಬಣ್ಣವಿಲ್ಲ, ಹುರಿ ಮಾತ್ರ. ಗೋಡೆಯ ಮೂಲೆಯಿಂದ, ನೆಲದಿಂದ ಹುರಿ ಹಿಡಿದು ಅಳೆದೆ. ಕಿವಿಗೆ ಒಂದು ಗಂಟು, ಗದ್ದಕ್ಕೆ ಒಂದು, ಹೆಗಲಿಗೆ, ಕಂಕುಳಿಗೆ, ಮೊಣಕೈಗೆ, ಚಾಚಿದ ಬೆರಳುಗಳಿಗೆ. ಮುಚ್ಚಿಹೋದ ಮೇಲೆ ಅವನು ಎಲ್ಲಿದ್ದಾನೆಂದು ಈ ಗಂಟುಗಳೇ ಹೇಳಬೇಕು. ಗಂಗೆಗೆ ನಾನು ಒಂದು ಗಂಟೂ ಹಾಕಿರಲಿಲ್ಲ. ಸಾಕಮ್ಮ ಹುರಿಯ ಇನ್ನೊಂದು ತುದಿ ಹಿಡಿದು, "ಕಿವಿ ಇನ್ನೂ ಒಂದು ಚೂರು ಕೆಳಕ್ಕೆ" ಎಂದಳು. "ನೆರಳಲ್ಲಿ ಅಲ್ಲೇ ಇದೆಯಲ್ಲ" ಎಂದೆ. "ನೆರಳಿಗೇನು ಗೊತ್ತು" ಎಂದಳು.

ಆಮೇಲೆ ಸುಣ್ಣದ ತೆಳು ಗಾರೆ ಎರಡು ಕೈ. ಕರಣೆಯಿಂದ ಎಳೆದು, ಗಾರೆ ಹಸಿಯಿರುವಾಗಲೇ ಬಣ್ಣ ಶುರು ಮಾಡಿದೆ. ನೆರಳಿನ ಮೇಲೆ ಮೊದಲ ಕೈ ಇಡುವುದಿಲ್ಲ, ಬಹಳ ದೂರದ ಮೂಲೆಯಿಂದ ಬರುತ್ತೇನೆ. ಕೆಮ್ಮಣ್ಣನ್ನು ಅಗಲವಾಗಿ ಬಳಿದು, ಅದರ ಮೇಲೆ ಹಳದಿಯನ್ನು ಉಂಡೆಯಿಂದ ಒತ್ತಿ, ತುಕ್ಕು ನೀರನ್ನು ಮೇಲಿನಿಂದ ಇಳಿಯಬಿಟ್ಟೆ. ಕಂಕುಳಿನ ಕಿಂಡಿಗೆ ನೀಲಿ ಬೆರೆಸಿದ ಬೂದಿ ಬಣ್ಣ ತುಂಬಿ ಮುರಿದೆ. ಕುತ್ತಿಗೆಯ ಅಡ್ಡಕ್ಕೆ ಕಾಡಿಗೆಯ ಗೆರೆಗಳನ್ನು ಎಳೆದು ಅರ್ಧ ಒರೆಸಿದೆ. ಆಗಾಗ ಹಿಂದಕ್ಕೆ ಹೋಗಿ ಅರ್ಧ ಕಣ್ಣು ಮುಚ್ಚಿ ನೋಡುತ್ತಿದ್ದೆ. ಯಾವುದಾದರೂ ಆಕಾರ ಬಂತೆಂದರೆ ಚಿಪ್ಪಿನಿಂದ ಕೆರೆದು ಮತ್ತೆ. ಐದನೆಯ ದಿನ ಸಾಕಮ್ಮ ಅರೆಯುವುದು ನಿಲ್ಲಿಸಿ ಗೋಡೆಯನ್ನೇ ನೋಡುತ್ತ ನಿಂತಳು. ಅವನು ಆಗಲೇ ಹೋಗಿದ್ದ. ಅವಳ ದವಡೆ ಬಿಗಿಯಿತು. ಹೋಗಿ ಇನ್ನೊಂದು ಬೊಗಸೆ ಕೆಮ್ಮಣ್ಣು ಅರೆದಳು.

ಲಕ್ಕವ್ವ ಅಷ್ಟು ದಿನವೂ ಬೆನ್ನು ತಿರುಗಿಸಲಿಲ್ಲ. ಚಿಪ್ಪು ಕೆರೆದ ಸದ್ದಾದಾಗ ಮಾತ್ರ, "ನಿಧಾನ ಕಣವ್ವ" ಎನ್ನುತ್ತಿದ್ದಳು, ಯಾರಿಗೆ ನೋವಾಗುತ್ತದೋ ಎಂಬಂತೆ.

ಎಂಟನೆಯ ದಿನ ಕೊನೆಯ ಕೈ ಅರ್ಧ ಆರಿದಾಗ ನುಣುಪಿನ ಕೆಲಸ. ಹೊಳೆಯ ಕಲ್ಲು, ಅಂಗೈಯಲ್ಲಿ ಕೂರುವಂಥದು, ನನ್ನ ಅಪ್ಪನದು. ಹುರಿ ಹಿಡಿದು, ಗಂಟುಗಳ ನಡುವೆ, ಅವನ ಮೈಯಷ್ಟು ಜಾಗದಲ್ಲಿ ಮಾತ್ರ ಉಜ್ಜಬೇಕು. ಆಚೆ ಒಂದು ಬೆರಳು ಹೋದರೂ ಅವನು ಅವನಲ್ಲ. ಗಾರೆ ತೀರ ಹಸಿಯಾಗಿದ್ದರೆ ಕಲ್ಲಿಗೆ ಹತ್ತುತ್ತದೆ, ಒಣಗಿದರೆ ಮಿಂಚು ಹಿಡಿಯುವುದಿಲ್ಲ. ನಾನು ಕಾಲು, ಸೊಂಟ, ಎದೆ ಮುಗಿಸಿ ಮುಖಕ್ಕೆ ಬಂದಾಗ ಸಾಕಮ್ಮ ಕೈ ಚಾಚಿದಳು.

"ಇಲ್ಲಿ ಕೊಡು. ಇದು ನಂದು."

ಕೊಟ್ಟೆ. ಅವಳು ಹುರಿ ನೋಡಲಿಲ್ಲ. ಹಣೆ, ಮೂಗಿನ ಏಣು, ಗದ್ದ, ಕಿವಿ ಎಲ್ಲವನ್ನೂ ಕಣ್ಣು ಮುಚ್ಚಿಯೇ ಉಜ್ಜಿದಳು. ನಾನು ಗಂಟು ಹಿಡಿದು ಪರೀಕ್ಷೆ ಮಾಡಿದೆ, ಎಲ್ಲ ಸರಿಯಿತ್ತು, ಕಿವಿ ಮಾತ್ರ ಒಂದು ಚೂರು ಕೆಳಗಿತ್ತು. ಬಿಟ್ಟೆ. ಅಷ್ಟರಲ್ಲಿ ಬಿಸಿಗಾಳಿ ಎದ್ದು, ಎಡ ಹೆಗಲ ಮೇಲಿನ ಕೆಂಪು ಒಣಗಿಹೋಯಿತು. ಎಷ್ಟು ಉಜ್ಜಿದರೂ ಮಿಂಚು ಹಿಡಿಯಲಿಲ್ಲ. ಟವೆಲ್ಲು ಮೂಡದೆ ಉಳಿದುಹೋಯಿತು. ಬೀಸುವ ಕಲ್ಲಿನ ಪಕ್ಕ ಕೂತು ಇಬ್ಬರೂ ನೋಡಿದೆವು. ಕೆಂಪು, ಹಳದಿ, ಕಂದು ಎಲ್ಲದರ ಮೇಲೆ ತೆಳ್ಳಗೆ ನೀರಿನ ಪೊರೆ ಹಾಸಿದ ಹಾಗೆ ಅವನು ಬಾಗಿಲಿನಲ್ಲಿ ನಿಂತಿದ್ದ. ಎದ್ದೆವು, ಇರಲಿಲ್ಲ. ಸಾಕಮ್ಮ ಕೂತಳು, ಎದ್ದಳು, ಕೂತಳು. ಹಾಗೇ ಏಳೆಂಟು ಸಲ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಾಳೆ ಯಾರಾದ್ರೂ ಕೂತ್ಕಂಡ್ರೆ ಅವರ ಮೊಣಕಾಲು ಮುರೀತೀನಿ" ಎಂದಳು.

ಮರುದಿನ ಹತ್ತು ಗಂಟೆಗೆ ಉಗ್ರಪ್ಪ ಬಂದ. ಜೊತೆಗೆ ದರ್ಜಿ ಬುಡನ್ ಸಾಬರು. ಊರಿನವರ ಪರವಾಗಿ ಕರೆತಂದದ್ದು ಅವರನ್ನೇ. ಹೆಗಲು ನೋಡಿ ಮನುಷ್ಯನನ್ನು ಗುರುತು ಹಿಡಿಯುವ ಕಣ್ಣು ಅವರದು. ಟೇಪು ಹಾಕದೆ ಅಂಗಿ ಹೊಲಿಯುತ್ತಾರೆ. ಸಾಕಮ್ಮ ಬೀಸುವ ಕಲ್ಲಿನ ಸುತ್ತ ನೀರಿನ ಕೊಡ, ಒನಕೆ, ಮೊರ ಎಲ್ಲ ಒಟ್ಟಿ ಕೂರಲು ಜಾಗ ಇಲ್ಲದಂತೆ ಮಾಡಿದ್ದಳು.

"ಏನು ಕಾಣ್ತದೆ?" ಎಂದು ಕೇಳಿದೆ.

ಉಗ್ರಪ್ಪ ತಲೆ ಆ ಕಡೆ ಈ ಕಡೆ ವಾಲಿಸಿದ. "ಏನೂ... ಇರು. ಅಲ್ಲಿ ಮೇಲೆ, ಹಂಡೆ ಥರ ಏನೋ ಅದೆಯಲ್ಲ?"

"ಹಂಡೆ ಅಲ್ಲ ಯಜಮಾನ್ರೇ, ನಿಮ್ಮ ಹೊಟ್ಟೆ" ಎಂದರು ಬುಡನ್ ಸಾಬರು. "ಬಗ್ಗಿ ನೋಡಿದ್ರೆ ಮುಂದೆ ಅದೇ ಕಾಣೋದು."

"ನಿನ್ನ ಹೊಲಿಗೆ ನೋಡ್ಕೊ ಸಾಬಿ. ಹೋದ ಹಬ್ಬದ ಅಂಗಿ ಗುಂಡಿ ಇನ್ನೂ ಸೇರ್‍ತಾ ಇಲ್ಲ."

"ಗುಂಡಿ ಜಾಗದಲ್ಲೇ ಅವೆ. ಹೊಟ್ಟೆ ಜಾಗ ಬಿಟ್ಟದೆ."

ಉಗ್ರಪ್ಪ ನಗುತ್ತ, "ಇಲ್ಲ ಬುಡು, ಹಂಡೆ ಇಲ್ಲ. ಏನೂ ಇಲ್ಲ" ಎಂದ. ಬುಡನ್ ಸಾಬರು ನಗು ನಿಲ್ಲಿಸಿ ನೋಡಿದರು. ಬಾಗಿಲಿನಿಂದ ನೋಡಿದರು, ನಡುವಿನಿಂದ ನೋಡಿದರು, ಗೋಡೆಯ ಹತ್ತಿರ ಹೋಗಿ ಬೆರಳ ತುದಿಯಿಂದ ಮುಟ್ಟಲು ಹೋಗಿ ಕೈ ಹಿಂದಕ್ಕೆ ತೆಗೆದುಕೊಂಡರು. ಮುಟ್ಟಿದ್ದರೆ ಗೋಡೆ ಎಲ್ಲಿ ನುಣುಪು ಎಲ್ಲಿ ತರಿ ಎಂದು ಬೆರಳಿಗೆ ತಕ್ಷಣ ತಿಳಿಯುತ್ತಿತ್ತು. "ಹಸಿ ಇರಬೇಕಲ್ವಾ?" ಎಂದರು. "ಹೌದು ಸಾಬರೇ" ಎಂದೆ. "ಏನೂ ಇಲ್ಲ" ಎಂದರು.

ಉಳಿದವಳು ಲಕ್ಕವ್ವ. ಅವಳು ಮಂಚದಲ್ಲಿ ಕೂತಲ್ಲಿಂದಲೇ ತಿರುಗಿ ಒಂದು ಸಲ ನೋಡಿ ಮುಗಿಸುತ್ತಾಳೆ ಎಂದುಕೊಂಡಿದ್ದೆ. ಮಂಚದ ಜಾಗದಿಂದ ಕಾಣುವುದಿಲ್ಲ ಎಂದು ನಾನೇ ಕೂತು ಪರೀಕ್ಷಿಸಿದ್ದೆ. ಆದರೆ ಆಕೆ ಕೋಲು ಕೇಳಿದಳು. ಎದ್ದಳು. ನಡುಮನೆಯ ಮಧ್ಯಕ್ಕೆ ಬಂದು, ಮೂರು ವರ್ಷದಲ್ಲಿ ಮೊದಲ ಸಲ, ಆ ಗೋಡೆಗೆ ಮುಖ ಮಾಡಿ ನಿಂತಳು. ನಿಂತಳು, ನಿಂತಳು, ಆಮೇಲೆ ಕೋಲಿನ ಮೇಲೆ ಬಾಗಿದಳು.

"ಕೂತ್ಕಳ್ಳಿ ಅತ್ತೆ, ಮಂಚಕ್ಕೆ ಬನ್ನಿ" ಎಂದು ಸಾಕಮ್ಮ ತೋಳು ಹಿಡಿದಳು.

"ಮಂಚ ಯಾಕೆ? ನನ್ನ ಜಾಗ ಇಲ್ವಾ" ಎಂದು ಲಕ್ಕವ್ವ ಕೋಲಿನಿಂದ ಮೊರ ತಳ್ಳಿದಳು, ಒನಕೆ ಸರಿಸಿದಳು. ನಲವತ್ತು ವರ್ಷ ರಾಗಿ ಬೀಸಿದ ಜಾಗ. ಸಾಕಮ್ಮ ತಡೆಯುವುದರೊಳಗೆ ಬೀಸುವ ಕಲ್ಲಿಗೆ ಕೈಯೂರಿ ಅದರ ಪಕ್ಕ ಕೂತುಬಿಟ್ಟಳು. ತಲೆ ಎತ್ತಿದಳು.

ನನ್ನ ಕೈಯಲ್ಲಿ ಕುಂಚವಿತ್ತು. ಅದನ್ನು ಬುಟ್ಟಿಗೆ ಹಾಕಿದೆ, ಕಿತ್ತುಕೊಳ್ಳುವ ಮೊದಲೇ ಕೈಯಿಂದ ಬಿಟ್ಟಿರಲಿ ಎಂದು. ಸಾಕಮ್ಮ ಗೋಡೆಗೂ ಅತ್ತೆಗೂ ನಡುವೆ ಒಂದು ಹೆಜ್ಜೆ ಇಟ್ಟು ನಿಂತಳು. ಲಕ್ಕವ್ವ ಕೋಲಿನಿಂದ ಅವಳ ಕಾಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ಆಕೆಯ ಬಾಯಿ ತೆರೆದಿತ್ತು. ಕಣ್ಣು ಕೆಳಗಿನಿಂದ ಮೇಲಕ್ಕೆ, ಪಾದದಿಂದ ಚಾಚಿದ ಬೆರಳಿನ ತನಕ ಹೋಗಿ, ಕಿವಿಯ ಹತ್ತಿರ ನಿಂತಿತು.

"ಲಕ್ಕವ್ವ, ಏನು ಕಾಣ್ತದೆ?" ಎಂದು ಉಗ್ರಪ್ಪ ಕೇಳಿದ. ಕೇಳಬೇಕಾದವಳು ನಾನು.

ಲಕ್ಕವ್ವ ಸೆರಗು ಎಳೆದು ತಲೆಗೆ ಹೊದ್ದಳು.

"ಕೆಮ್ಮಣ್ಣು ಬಳಿದವಳೆ" ಎಂದಳು. "ಹಳದಿ ಬಳಿದವಳೆ. ಇನ್ನೇನು ಕಂಡಾತು ಈ ವಯಸ್ಸಲ್ಲಿ? ಏನೂ ಇಲ್ಲ."

"ಮೂರಾಯ್ತು" ಎಂದ ಉಗ್ರಪ್ಪ. ಬಾಗಿಲ ಹೊರಗೆ ನಿಂತು ಊರಿಗೆ ಕೇಳಿಸುವಂತೆ ಹೇಳಿದ, ವಾಡಿಕೆಯಂತೆ. ಬುಡನ್ ಸಾಬರು ಚಪ್ಪಲಿ ಮೆಟ್ಟುತ್ತ ಒಳಗೆ ಒಂದು ಸಲ ತಿರುಗಿ ನೋಡಿ, "ಒಳ್ಳೆ ಕೈ ಬೋರಕ್ಕ ನಿಂದು. ಒಳ್ಳೆ ಕೈ" ಎಂದು ಹೇಳಿ ಹೋದರು.

ನಾನು ಬುಟ್ಟಿ ಎತ್ತಿಕೊಂಡೆ. ಲಕ್ಕವ್ವ ಕೂತಲ್ಲಿಂದ ಏಳಲಿಲ್ಲ. "ಸಾಕಿ, ನನ್ನ ಮೊರ ಇಲ್ಲಿ ಕೊಡು, ಅವರೆಕಾಳಲ್ಲಿ ಕಲ್ಲು ಆರಿಸಬೇಕು" ಎಂದಳು. ಮೊರ ತೊಡೆಯ ಮೇಲಿಟ್ಟುಕೊಂಡಳು. ಕೈ ಕಾಳಿನಲ್ಲಿತ್ತು, ಕಣ್ಣು ಗೋಡೆಯಲ್ಲಿತ್ತು. ನಾನು ಹೊಸ್ತಿಲು ದಾಟುವಾಗ ನನ್ನನ್ನು ಕರೆದಳು.

"ಬೋರಿ."

"ಏನವ್ವ?"

"ಹೆಗಲ ಮ್ಯಾಲೆ ಟವೆಲ್ಲು ಇತ್ತು. ನಾನೇ ಒಗೆದು ಕೊಟ್ಟಿದ್ದು. ಅದೆಲ್ಲೋಯ್ತು?"

ಸಾಕಮ್ಮ ಉಸಿರು ಬಿಟ್ಟದ್ದು ನನಗೆ ಬಾಗಿಲ ತನಕ ಕೇಳಿಸಿತು.

ಮರುದಿನ ಬೆಳಿಗ್ಗೆ ಎದ್ದು ಮುಖ ತೊಳೆದು ನನ್ನ ಗೋಡೆಯ ಮುಂದೆ ಹೋದೆ. ಅಂದು ನಿಲ್ಲಲಿಲ್ಲ, ಕೂತೆ. ಏನೂ ಇರಲಿಲ್ಲ. ಇಲ್ಲದ್ದನ್ನು ಅಷ್ಟು ಹೊತ್ತು ನೋಡಿ ಎದ್ದೆ. ಒಂದು ಚಿಪ್ಪಿನಲ್ಲಿ ಕೆಮ್ಮಣ್ಣು, ಒಂದು ಚಿಪ್ಪಿನಲ್ಲಿ ಸುಣ್ಣದ ಬೆಣ್ಣೆ, ಅಪ್ಪನ ಹೊಳೆಕಲ್ಲು ಬುಟ್ಟಿಗಿಟ್ಟುಕೊಂಡು ಹೊರಟೆ. ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದ ಉಗ್ರಪ್ಪ, "ಮುಗೀತಲ್ಲ ಬೋರಕ್ಕ, ಮತ್ತೆ ಯಾವ ಕಡೆ?" ಎಂದ.

"ಎಡ ಹೆಗಲತ್ರ ಒಂಚೂರು ಬಣ್ಣ ಕೂತಿಲ್ಲ ಯಜಮಾನ್ರೇ" ಎಂದು ಹೇಳಿ, ಹೇಳಿದ್ದು ಏನೆಂದು ತಿಳಿದು, ನಿಲ್ಲದೆ ನಡೆದೆ. ಉಗ್ರಪ್ಪ ಬಾಯಿ ಮುಕ್ಕಳಿಸಿ ಉಗಿದ. ಯಾರ ಹೆಗಲು ಎಂದು ಅವನು ಕೇಳಲಿಲ್ಲ.